‘ಹೋಗ್ತೇನಿ’ ಎನ್ನಲು ಕಲಿತ ಮಕ್ಕಳು

ಕಲಬುರಗಿ ಸ್ಟೇಶನ್

ಧಾರವಾಡದಿಂದ ಬೀದರಕ್ಕೆ ಹೋಗಿ ಬಂದೆ ಎಂದರೆ ನಮ್ಮ ಕಡೆಯವರು ವಿಲಾಯತಿಗೆ ಹೋಗಿ ಬಂದವಳನ್ನು ನೋಡಿದ ಹಾಗೆ ನೋಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಅದು ನಿಜಾಮರ ಸೀಮೆ: ದೊರೆ ಬೇರೆ, ನಾಣ್ಯ ಬೇರೆ, ಕಚೇರಿಯ ಭಾಷೆ ಬೇರೆ. ನಮ್ಮಜ್ಜಿ ಆ ಸೀಮೆಯನ್ನೆಲ್ಲ ‘ಮೊಗಲಾಯಿ’ ಎಂಬ ಒಂದೇ ಮಾತಿನಲ್ಲಿ ಗುಡಿಸಿ ಮೂಲೆಗೆ ಹಾಕಿಬಿಡುತ್ತಿದ್ದಳು.

ಮೊದಲೇ ಹೇಳಿಬಿಡುತ್ತೇನೆ, ನಾನು ಸಂಶಯದ ಹೆಂಗಸು. ಹೆಣ್ಣುಮಕ್ಕಳ ಶಾಲೆಯಲ್ಲಿ ಬಿನ್ನೆತ್ತೆಯ ಮಕ್ಕಳಿಗೆ, ಅಂದರೆ ಒಂದನೆಯ ಇಯತ್ತೆಗೂ ಕೆಳಗಿನ ಚಿಕ್ಕವರಿಗೆ, ಕಲಿಸುತ್ತ ಕಲಿಸುತ್ತ ನನ್ನ ಕೂದಲು ಬೆಳ್ಳಗಾಗಿದೆ. ಹೊಟ್ಟೆನೋವು ಎಂದ ಮಗುವಿನ ಕಣ್ಣು ನೋಡಿ ನಿಜವೋ ಸುಳ್ಳೋ ಹೇಳಬಲ್ಲೆ. ದೊಡ್ಡವರ ಮಾತನ್ನಂತೂ ಕೇಳುವ ಮೊದಲೇ ಸುಳ್ಳು ಎಂದು ಎತ್ತಿಟ್ಟುಕೊಳ್ಳುತ್ತೇನೆ.

ನನ್ನ ತಮ್ಮ ಚೆನ್ನಪ್ಪ ಬೀದರಿನಲ್ಲಿ ಒಬ್ಬ ವಕೀಲರ ಗುಮಾಸ್ತ. ಅವನ ಹೆಂಡತಿ ಗೌರಮ್ಮ ಹಿಂದಿನ ವರ್ಷ ಹೆರಿಗೆಗೆ ತವರಿಗೆ ಹೋದವಳು ಅಲ್ಲೇ ತೀರಿಕೊಂಡಿದ್ದಳು. ಕೂಸೂ ಉಳಿಯಲಿಲ್ಲ. ಮೊದಲ ಮಗಳು ನೀಲಾಳಿಗೆ ಐದು ತುಂಬಿತ್ತು. ತಮ್ಮ ಅವಳನ್ನು ಮಿಶನ್ನಿನವರ ಬಾಲವರ್ಗಕ್ಕೆ ಹಾಕಿದ್ದ. ಬೇಸಿಗೆಗೆ ಅಲ್ಲಿಯ ವರ್ಷ ಮುಗಿಯುತ್ತಿತ್ತು. ಮುಂದೆ ಅದರ ಎದುರಿಗಿರುವ ಸರಕಾರಿ ಹೆಣ್ಣುಮಕ್ಕಳ ಶಾಲೆ, ಅಲ್ಲಿ ಎಲ್ಲವೂ ಉರ್ದುವಿನಲ್ಲಿ. ತಾಯಿಯಿಲ್ಲದ ಹುಡುಗಿ, ಮೊದಲು ಮಿಶನ್ನಿನವರ ಕೈಯಲ್ಲಿ, ಆಮೇಲೆ ಅರಿಯದ ಭಾಷೆಯಲ್ಲಿ! ನನಗೆ ಮಕ್ಕಳಿಲ್ಲ, ಗಂಡನೂ ಇಲ್ಲ. ನೀಲಾಳನ್ನು ಧಾರವಾಡಕ್ಕೆ ಕರೆದುಕೊಂಡೇ ಬರುವುದೆಂದು ನಿಶ್ಚಯಿಸಿ ಹೊರಟಿದ್ದೆ. ‘ನೀ ಹೇಳಿದ್ಹಾಂಗ ಅಕ್ಕಾ’ ಎಂದು ತಮ್ಮ ಒಪ್ಪಿದ್ದ.

ಕಲಬುರಗಿಯಲ್ಲಿ ರೈಲು ಇಳಿದವಳ ಪೆಟ್ಟಿಗೆಯನ್ನು ನಿಜಾಮರ ಸುಂಕದವನು ಬಿಚ್ಚಿಸಿದ. ಸೀರೆಗಳ ನಡುವೆ ನೀಲಾಳಿಗೆಂದು ಒಯ್ಯುತ್ತಿದ್ದ ಕಟ್ಟಿಗೆಯ ಚೆಂಡು, ಕಟ್ಟಿಗೆಯ ಚೌಕ, ಬಣ್ಣದ ಮಣಿ ಇದ್ದವು. ಅವನು ಚೆಂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ.

“ಅಂದರ್ ಕ್ಯಾ ಹೈ?”

“ಒಳಗೂ ಕಟ್ಟಿಗೀನ” ಅಂದೆ.

ಅವನಿಗೆ ನಂಬಿಕೆ ಬರಲಿಲ್ಲ. ಉಗುರಿನಿಂದ ಕೆರೆದ, ಮೂಸಿದ, ಇನ್ನೊಬ್ಬನನ್ನು ಕರೆದು ಮೂಸಿಸಿದ. ನನಗೆ ಸಿಟ್ಟು ಬಂದರೂ ಒಳಗೊಳಗೆ ಆ ಮನುಷ್ಯನ ಮೇಲೆ ಗೌರವ ಹುಟ್ಟಿತು. ನಾನು ಆ ಕುರ್ಚಿಯಲ್ಲಿದ್ದರೂ ಅದನ್ನೇ ಮಾಡುತ್ತಿದ್ದೆ. ಕೊನೆಗೆ ಕನ್ನಡಕ್ಕಿಳಿದು ಕೇಳಿದ: “ತಿರುಗಿ ಹೋಗೂ ಮುಂದ ಇವು ಒಯ್ಯತೀರೋ, ಬಿಟ್ಟು ಹೋಗ್ತೀರೋ?”

“ಬಿಟ್ಟು ಹೋಗ್ತೇನಿ” ಅಂದೆ. ಬದಲಿಗೆ ಒಂದು ಹುಡುಗಿಯನ್ನು ಒಯ್ಯುತ್ತೇನೆ ಎಂದು ಹೇಳಲಿಲ್ಲ. ಅದಕ್ಕೂ ಸುಂಕ ಹೇರಿಯಾನು ಎಂದು ಬಾಯಿ ಮುಚ್ಚಿಕೊಂಡು ಎತ್ತಿನ ಬಂಡಿ ಹತ್ತಿದೆ.

ಬೀದರ

ಬೀದರ ಮುಟ್ಟುವ ಹೊತ್ತಿಗೆ ನನ್ನ ಸೀರೆ, ಬಂಡಿ, ಎತ್ತು, ಬಂಡಿಯವನ ಮೀಸೆ ಎಲ್ಲ ಒಂದೇ ಕೆಂಪು ಬಣ್ಣಕ್ಕೆ ತಿರುಗಿದ್ದವು. ಆ ಊರಿನವರು ಬಲು ನಯವಂತರು. ಎಷ್ಟೆಂದರೆ ‘ಇಲ್ಲ’ ಎನ್ನಲು ಬಾರದು. ಅಂಗಡಿಯಲ್ಲಿ ಗೋದಿ ಇದೆಯೇ ಎಂದು ಕೇಳಿದರೆ “ಹೌದ್ರಿ, ಇಲ್ರಿ” ಎನ್ನುತ್ತಾರೆ. ನಮ್ಮ ಧಾರವಾಡದ ಅಂಗಡಿಯವನಾದರೆ ಗೋದಿ ಇದ್ದರೂ ಮುಖ ನೋಡಿ ಇಲ್ಲ ಎನ್ನುವನು. ಇಷ್ಟು ನಯ ಕಂಡರೆ ನನಗೆ ಮೈ ಪರಚಿದ ಹಾಗಾಗುತ್ತದೆ.

ತಮ್ಮನ ಮನೆಯ ಬಾಗಿಲ ಹಿಂದೆ ನೀಲಾ ನಿಂತಿದ್ದಳು. ತಾಯಿಯದೇ ಕಣ್ಣು. “ಆರಾಮ ಅದೀರೇನ್ರಿ ಅತ್ತಿ?” ಎಂದು ದೊಡ್ಡವರ ಹಾಗೆ ಕೇಳಿದಳು. ಮುದ್ದಿಸುವ ನೆಪದಲ್ಲಿ ಅವಳ ಕೊರಳು ನೋಡಿದೆ. ಶಿವದಾರ ಇತ್ತು, ಲಿಂಗವೂ ಇತ್ತು. ಮಿಶನ್ನಿನವರು ಇನ್ನೂ ಕೈಹಾಕಿಲ್ಲ, ಹಾಕುವ ಮೊದಲೇ ಬಂದೆ ಎಂದುಕೊಂಡೆ. ಚೆಂಡು, ಚೌಕ ಕೊಟ್ಟೆ. ತೆಗೆದುಕೊಂಡಳು, ಆದರೆ ನಗಲಿಲ್ಲ.

ಸಂಜೆ ದೀಪ ಹಚ್ಚುವ ವೇಳೆಗೆ ನಡುಮನೆಯಿಂದ ಅವಳ ದನಿ ಕೇಳಿಸಿತು.

“ಹೋಗ್ತೇನಿ ಕಂಬಾ. ಹೋಗ್ತೇನಿ ಬೀಸೂಕಲ್ಲ. ಹೋಗ್ತೇನಿ ಅವ್ವನ ಸೀರಿ.”

ನಮ್ಮಲ್ಲಿ ಹೊರಡುವವರು ಯಾರಾದರೂ ‘ಹೋಗ್ತೇನಿ’ ಎನ್ನುತ್ತಾರೆಯೇ? ‘ಬರ್ತೇನಿ’ ಎನ್ನಬೇಕು. ಹೋಗುವುದು ಎಂದರೆ ಮರಳಿ ಬಾರದ ಹೋಗುವುದು. ಬಾಡಿಗೆ ಮನೆಯ ಒಡತಿ ಶರಣವ್ವ ಒಳಗಿನಿಂದಲೇ ಕೂಗಿದಳು: “ಬಿಡ್ತು ಅನ್ನು ಹುಡುಗಿ! ಮತ್ತ ಸುರು ಮಾಡಿದ್ಳು ನೋಡ್ರಿ ಅಕ್ಕೋರ.”

“ಯಾರು ಕಲಿಸ್ಯಾರ ಇದನ್ನ?” ಎಂದು ನೀಲಾಳನ್ನು ಕೇಳಿದೆ.

“ಸಾಲ್ಯಾಗ ಬಾಯಿ ಕಲಿಸ್ಯಾರ್ರಿ. ದಿನಾ ಎಲ್ಲಾರೂ ಅಂತೇವ್ರಿ.”

ಮರುದಿನ ಮುಂಜಾನೆಯೇ ಶಾಲೆಗೆ ಹೋದೆ. ಬಾಯಿ, ಅಂದರೆ ಅಲ್ಲಿಯ ಶಿಕ್ಷಕಿ, ಅವಳ ಹೆಸರು ಮಾರ್ಥಾಬಾಯಿ. ಕುಳ್ಳು ಹೆಂಗಸು, ಗಟ್ಟಿ ದನಿ, ಸೊಂಟದಲ್ಲಿ ಕೀಲಿಗೊಂಚಲು. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

“ಧಾರವಾಡದವರು? ತಪಾಸಕ್ಕ ಬಂದೀರೇನ್ರಿ?”

“ತಪಾಸಕ್ಕಲ್ಲ. ನಾನು ನೀಲಾನ ಸೋದರತ್ತಿ.”

“ಅತ್ತಿ ಅಂದ್ರ ತಪಾಸ ಇನ್ನಾ ಹೆಚ್ಚಿಗಿರಿ” ಎಂದು ಒಂದು ಮಣೆ ತಳ್ಳಿದಳು.

ಕೂತು ನೋಡಿದೆ. ಮಕ್ಕಳು ಪಾಠ ಮಾಡಲೇ ಇಲ್ಲ. ಮಾರ್ಥಾಬಾಯಿ ಅವರನ್ನು ಸಾಲಾಗಿ ನಿಲ್ಲಿಸಿ, ರಸ್ತೆ ದಾಟಿಸಿ ಎದುರಿನ ದೊಡ್ಡ ಶಾಲೆಗೆ ಕರೆದುಕೊಂಡು ಹೋದಳು. ಅಲ್ಲಿಯ ಗಡಿಗೆಯ ನೀರು ಕುಡಿದು ಎಲ್ಲರೂ ಹಿಂದಿರುಗಿದರು. ಸ್ವಲ್ಪ ಹೊತ್ತಿಗೆ ಆ ಶಾಲೆಯ ಉಸ್ತಾನಿ, ಅಂದರೆ ಉರ್ದು ಕಲಿಸುವ ಹೆಂಗಸು, ಬುರ್ಖಾದ ಮುಸುಕು ಸರಿಸಿ ಒಳಗೆ ಬಂದು ಮಕ್ಕಳ ನಡುವೆ ಕೂತು ಹುಣಸೆಬೀಜದ ಆಟ ಆಡಿದಳು. ಒಬ್ಬಳು ಮಿಶನ್ನಿನವಳು, ಇನ್ನೊಬ್ಬಳು ಸರಕಾರದವಳು. ಇವರಿಬ್ಬರ ನಡುವೆ ಏನೋ ಒಳಸಂಚು ಇದೆ ಎಂದು ನನಗೆ ಖಾತ್ರಿಯಾಯಿತು. ಹೊರಡುವಾಗ ಎಲ್ಲ ಮಕ್ಕಳೂ ಒಂದೇ ದನಿಯಲ್ಲಿ “ಹೋಗ್ತೇನ್ರಿ ಬಾಯಿ” ಎಂದರು. ಮಾರ್ಥಾಬಾಯಿ ಡಬ್ಬಿ ತೆರೆದು ಒಬ್ಬೊಬ್ಬರ ಕೈಗೂ ಚುರುಮುರಿ, ಬೆಲ್ಲ ಹಾಕಿದಳು. ನೀಲಾಳ ಪಾಲನ್ನು ನಾನು ಇಸಿದುಕೊಂಡು ಮೂಸಿದೆ.

“ಸಣ್ಣ ಮಕ್ಕಳ ಬಾಯಾಗ ಅಂಥಾ ಮಾತು ಯಾಕ ಹಾಕ್ತೀರಿ?” ಎಂದು ನೇರವಾಗಿ ಕೇಳಿದೆ.

“ನಾ ಹೇಳಿದ್ರ ನಂಬ್ತೀರೇನ್ರಿ?”

“ಇಲ್ಲ.”

“ಮತ್ತ ಯಾಕ ಹೇಳ್ಲಿ? ಇಲ್ಲಿಗಿ ಬರೂಕಿಂತ ಮೊದ್ಲು ನಾ ಭಾಲ್ಕ್ಯಾಗ ಇದ್ದೆ. ಅಲ್ಲಿ ಕೇಳ್ರಿ. ನನ್ನ ಹೆಸರು ತಗದ್ರ ಬಾಗಿಲಾ ಹಾಕ್ಕೋತಾರ, ಆದ್ರೂ ಕೇಳ್ರಿ.”

ಭಾಲ್ಕಿ

ಅದೃಷ್ಟಕ್ಕೆ ತಮ್ಮನಿಗೆ ಭಾಲ್ಕಿಯ ಕಚೇರಿಯಲ್ಲಿ ವಕೀಲರ ಕೆಲಸವಿತ್ತು. ಅಲ್ಲಿಂದ ಔರಾದ ದಾಟಿ ಎಕಂಬಾಕ್ಕೆ, ಗೌರಮ್ಮನ ತವರಿಗೆ, ಹೋಗಿ ಅತ್ತೆಯನ್ನು ಕಂಡು ಬರುವುದಿತ್ತು. ನಾನೂ ಬರುತ್ತೇನೆಂದು ಬಂಡಿಯಲ್ಲಿ ಕೂತೆ. ಶಾಲೆಯ ಕೊನೆಯ ದಿನದೊಳಗೆ ಮರಳಬೇಕಾಗಿತ್ತು. ನೀಲಾಳನ್ನು ಶರಣವ್ವನ ಹತ್ತಿರ ಬಿಟ್ಟೆವು.

“ಬರ್ತೇನಿ ನೀಲಾ” ಅಂದೆ. ಅವಳು ಮುಖ ತಿರುಗಿಸಿ ಕಟ್ಟಿಗೆಯ ಚೌಕವನ್ನು ನೆಲಕ್ಕೆ ಕುಟ್ಟುತ್ತ ಕೂತಳು. ಮಿಶನ್ನಿನ ಪಾಠ ಇಷ್ಟು ತಲೆಗೇರಿದೆಯೇ ಎಂದುಕೊಂಡೆ.

ಭಾಲ್ಕಿಯಲ್ಲಿ ಒಬ್ಬ ಕಿರಾಣಿ ಅಂಗಡಿಯವರ ಮನೆಯಲ್ಲಿ ಇಳಿದುಕೊಂಡೆವು. ಆ ಊರಿನವರು ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳುವುದಿಲ್ಲ, ಅಪಶಕುನವಂತೆ. ‘ದೂರ ಹೊಂಟೀರೇನ್ರಿ?’ ಎನ್ನುತ್ತಾರೆ. ನಮ್ಮ ಕಡೆಯೂ ಹಾಗೆಯೇ. ರಾಜ್ಯ ಬೇರೆಯಾದರೂ ಅಂಜಿಕೆಗಳು ಒಂದೇ. ಮನೆಯಾಕೆ ಬಸಮ್ಮ ಬಿಸಿ ಜೋಳದ ರೊಟ್ಟಿ ಬಡಿಸುತ್ತಿರುವಾಗ ಮಾರ್ಥಾಬಾಯಿಯ ಹೆಸರೆತ್ತಿದೆ. ರೊಟ್ಟಿ ಕೈಯಲ್ಲೇ ನಿಂತಿತು.

“ಆಕಿ ಹೆಸರು ತಗೀಬ್ಯಾಡ್ರಿ ಅಕ್ಕೋರ. ಒಂದು ವರ್ಷ ನಮ್ಮ ಹುಡುಗಿ ಆಕಿ ಹಂತ್ಯಾಕ ಕಲೀತು. ವರ್ಷ ಮುಗೀತು, ದೊಡ್ಡ ಸಾಲಿಗಿ ಹಾಕಿದಿವಿ. ಮುಂಜಾನಿ ಎದ್ದು ನೋಡಿದ್ರ ಹುಡುಗಿ ಹಳೀ ಸಾಲಿ ಬಾಗಿಲದಾಗ! ಇದೊಂದೇ ಅಲ್ರಿ, ಎಲ್ಲಾ ಹುಡುಗ್ಯಾರೂ ಅಲ್ಲೇ. ಬೈದಿವಿ, ಹೊಡದಿವಿ, ಮತ್ತ ಅಲ್ಲೇ.”

“ಯಾಕಂತ ಕೇಳಲಿಲ್ಲೇನು?”

“ಕೇಳಿದ್ರ ‘ಬರ್ತೇನಿ ಅಂತ ಬಾಯಿಗಿ ಹೇಳಿ ಬಂದೀನಿ, ಹೋಗಬೇಕಲ್ಲ’ ಅಂತಿತ್ರಿ. ಹುಚ್ಚು ಹುಡುಗಿ. ಬೆಲ್ಲದಾಗ ಏನೋ ಹಾಕ್ತಾಳ ಅಂತ ಊರೆಲ್ಲಾ ಅಂತು. ಕಡೀಕ ಆಕೀನೇ ಊರು ಬಿಟ್ಟು ಹ್ವಾದಳು.”

ಅವಳ ಮಾತಿನಲ್ಲಿ ನಾನು ಹಿಡಿದದ್ದು ಬೆಲ್ಲವನ್ನು ಮಾತ್ರ. ಮೂಸಿದ್ದು ಸಾಲದು, ಒಂದು ಚೂರು ಕಟ್ಟಿಕೊಂಡು ಬರಬೇಕಿತ್ತು ಎಂದು ಕೈ ಕೈ ಹಿಸುಕಿಕೊಂಡೆ. ಒಂದೇ ಸಮಾಧಾನವೆಂದರೆ ನನ್ನ ನಿಶ್ಚಯ ಇನ್ನಷ್ಟು ಗಟ್ಟಿಯಾಯಿತು. “ಹುಡುಗೀನ್ನ ಆ ಊರಾಗ ಒಂದು ದಿನ ಹೆಚ್ಚಿಗಿ ಇಡಬ್ಯಾಡ” ಎಂದು ತಮ್ಮನಿಗೆ ಹೇಳಿದೆ. ಅವನು ರೊಟ್ಟಿ ಮುರಿಯುತ್ತ ತಲೆ ಆಡಿಸಿದ.

ಔರಾದ ದಾಟಿ ಎಕಂಬಾ

ಔರಾದದ ದಾರಿಯಲ್ಲಿ ಮಾಂಜ್ರಾ ಹೊಳೆ ಅಡ್ಡ ಬರುತ್ತದೆ. ಬೇಸಿಗೆಯಾದ್ದರಿಂದ ಪಾದ ಮುಳುಗುವಷ್ಟೇ ನೀರು, ಆದರೆ ಉಸುಕು ಮಾತ್ರ ನಂಬುವ ಹಾಗಿಲ್ಲ. ಇಲ್ಲಿ ದಾಟಬೇಡ, ಆಚೆ ದಾಟು ಎಂದು ಬಂಡಿಯವನಿಗೆ ಅಪ್ಪಣೆ ಕೊಟ್ಟವಳು ನಾನೇ. ಆತನ ದಾರಿಯ ಮೇಲೆ ನನಗೆ ಸಂಶಯ. ಅಪ್ಪಣೆ ಕೊಟ್ಟ ಜಾಗದಲ್ಲೇ ಗಾಲಿ ನಡುವಿನ ಗುಂಬದವರೆಗೆ ಹೂತುಹೋಯಿತು. ದಡದಲ್ಲಿ ಎಮ್ಮೆ ತೊಳೆಯುತ್ತಿದ್ದವರು ಬಂದು, ನನ್ನನ್ನೂ ಗಂಟುಮೂಟೆಯನ್ನೂ ಇಳಿಸಿ, ಮರಾಠಿಯಲ್ಲಿ ಏನೇನೋ ಹೇಳಿ ನಗುತ್ತ ಬಂಡಿ ಎತ್ತಿಕೊಟ್ಟರು. ನನ್ನ ವಿಷಯವೇ ಎಂದು ತಿಳಿದಿತ್ತು. ಮರಾಠಿ ಬಾರದವಳ ಹಾಗೆ ಕೂತೆ.

ಎಕಂಬಾದಲ್ಲಿ ಗೌರಮ್ಮನ ತಾಯಿ ನಮ್ಮನ್ನು ನೋಡಿದೊಡನೆ ಅತ್ತರು. ಅತ್ತು, ಕಣ್ಣೊರೆಸಿಕೊಂಡು, ಮೊದಲು ಕೇಳಿದ್ದು ನೀಲಾಳ ಬಗ್ಗೆ.

“ಈಗರ ಬಾಗಿಲದಾಗ ಕೂಡೂದು ಬಿಟ್ಟದೇನ್ರಿ ಕೂಸು?”

“ಯಾವ ಬಾಗಿಲದಾಗ?” ಎಂದೆ.

“ನಿಮ್ಮ ತಮ್ಮ ಹೇಳಿಲ್ಲೇನು? ಗೌರಿ ಬಾಣಂತನಕ್ಕ ಇಲ್ಲಿಗಿ ಹೊಂಟಾಗ ಕೂಸಿನ ಗಲ್ಲಾ ಹಿಡದು ‘ಬರ್ತೇನಿ’ ಅಂದಿದ್ದಳಂತ. ಆಮ್ಯಾಲ ಹಿಂಗಾತು. ಕೂಸಿಗಿ ಯಾರೂ ಖರೇ ಹೇಳ್ಲಿಲ್ಲ. ಕೇಳಿದಾಗೆಲ್ಲಾ ‘ಅವ್ವ ಬರ್ತಾಳ, ಅವ್ವ ಬರ್ತಾಳ’ ಅಂದಿವಿ. ಅದು ಮುಂಜಾನಿಂದ ಬಾಗಿಲದಾಗ ಕೂಡ್ತಿತ್ರಿ, ಉಣ್ಣಾಕೂ ಒಳಗ ಬರ್ತಿರಲಿಲ್ಲ. ನಾ ಬೀದರಕ್ಕ ಹ್ವಾದಾಗ ಒಂದಿನ ನನ್ನ ಕೇಳ್ತು, ‘ಆಯಿ, ಬರ್ತೇನಿ ಅಂದಾಕಿ ಯಾಕ ಬರಲಿಲ್ಲ?’ ನಾ ಏನು ಹೇಳ್ಲಿ ಅಕ್ಕೋರ? ಅಂದಿನಿಂದ ಬರ್ತೇನಿ ಅಂದವರ ಮುಖಾನೇ ನೋಡೂದಿಲ್ಲ ಅದು.”

ನನ್ನ ಕೈಯಲ್ಲಿ ನೀರಿನ ತಂಬಿಗೆ ಇತ್ತು. ಕೆಳಗಿಟ್ಟೆ. ಕಟ್ಟಿಗೆಯ ಚೌಕ ಕುಟ್ಟುತ್ತ ಕೂತ ನೀಲಾ ಕಣ್ಣ ಮುಂದೆ ಬಂದಳು. ಅದರ ಹಿಂದೆಯೇ ಬಸಮ್ಮನ ಮನೆಯಲ್ಲಿ ಕೇಳಿಯೂ ಕೇಳದಂತೆ ಬಿಟ್ಟ ಮಾತು ಬಂತು: ‘ಬರ್ತೇನಿ ಅಂತ ಹೇಳಿ ಬಂದೀನಿ, ಹೋಗಬೇಕಲ್ಲ.’ ನಾವು ದೊಡ್ಡವರು ಬಾಯಿಮಾತಿಗೆ ಆಡುವುದನ್ನು ಐದು ವರ್ಷದವರು ಆಣೆಯಂತೆ ಇಟ್ಟುಕೊಳ್ಳುತ್ತಾರೆ. ಇಷ್ಟು ವರ್ಷ ಬಿನ್ನೆತ್ತೆಯಲ್ಲಿ ಕೂತು ನನಗೆ ಇದು ಹೊಳೆದಿರಲಿಲ್ಲ. ದುಃಖವಾಯಿತು, ಸಿಟ್ಟೂ ಬಂತು. ಸಿಟ್ಟು ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ.

ಹಾಗಿದ್ದರೂ ಒಂದು ಸಂಶಯ ಉಳಿದೇ ಇತ್ತು. ಕೆಟ್ಟ ಮಾತು ಕೆಟ್ಟ ಮಾತೇ. ಅದನ್ನು ಮಕ್ಕಳ ನಾಲಿಗೆಯ ಮೇಲೆ ಇಡಲು ಈ ಮಾರ್ಥಾಬಾಯಿ ಯಾರು?

ಮತ್ತೆ ಬೀದರ

ಶಾಲೆಯ ಕೊನೆಯ ದಿನದ ಮುನ್ನಾದಿನ ಬೀದರ ಮುಟ್ಟಿದೆವು. ಹೊಸ್ತಿಲಲ್ಲಿ ನಿಂತು “ಬಂದೆ ನೀಲಾ” ಅಂದೆ. ಅವಳು ಒಳಗಿನಿಂದ ಓಡಿ ಬಂದವಳು ನಡುವೆ ಗಕ್ಕನೆ ನಿಂತಳು. ಹತ್ತಿರ ಬಂದು ನನ್ನ ಬೆರಳು ಹಿಡಿದು ಒತ್ತಿ ನೋಡಿದಳು.

“ಖರೇನೇ ಬಂದ್ರೇನ್ರಿ ಅತ್ತಿ?”

ಕಲಬುರಗಿಯ ಸುಂಕದವನು ಚೆಂಡನ್ನು ನೋಡಿದ್ದಕ್ಕಿಂತ ಹೆಚ್ಚು ಸಂಶಯದಿಂದ ಅವಳು ನನ್ನನ್ನು ನೋಡುತ್ತಿದ್ದಳು.

ಮರುದಿನ ಶಾಲೆಯಲ್ಲಿ ಮಕ್ಕಳು ದುಂಡಗೆ ಕೂತಿದ್ದರು. ಮಾರ್ಥಾಬಾಯಿ ಒಬ್ಬೊಬ್ಬರನ್ನೇ ಎಬ್ಬಿಸಿ ಒಂದೇ ಪ್ರಶ್ನೆ ಕೇಳುತ್ತಿದ್ದಳು: “ಬಂದಾಗ ಏನು ಬರ್ತಿರಲಿಲ್ಲ? ಈಗ ಏನು ಬರ್ತದ?”

ಒಬ್ಬಳಿಗೆ ಮೂಗು ಒರೆಸಿಕೊಳ್ಳಲು ಬರುತ್ತಿತ್ತು. ಒಬ್ಬಳಿಗೆ ಹತ್ತರವರೆಗೆ ಎಣಿಸಲು. ಒಬ್ಬಳು ಬಹಳ ಹೊತ್ತು ಯೋಚಿಸಿ, “ಬಂದಾಗ ಕಡೀತಿದ್ದೆರಿ. ಈಗ ಕಡೀದಂಗ ಇರ್ಲಾಕ ಬರ್ತದ್ರಿ” ಎಂದಳು. ಪಕ್ಕದವಳು ತೋಳು ತೋರಿಸಿ “ಮೊನ್ನಿ ಕಡದಾಳ್ರಿ!” ಎಂದು ದೂರಿದಳು. ಅದನ್ನೂ ಮಾರ್ಥಾಬಾಯಿ ಗಂಭೀರವಾಗಿ ಕೇಳಿಸಿಕೊಂಡಳು. ಉತ್ತರ ಹೇಳಿದವರು ತಮ್ಮ ಮಣೆ ಎತ್ತಿ ಗೋಡೆಗೆ ಒರಗಿಸಿ, “ಹೋಗ್ತೇನ್ರಿ ಬಾಯಿ” ಎಂದು ಬಾಗಿಲು ದಾಟಬೇಕು. ಒಬ್ಬಳು ರೂಢಿಯಂತೆ “ಹೋಗಿ ಬರ್ತೇನ್ರಿ” ಅಂದಳು. ಉಳಿದವರೆಲ್ಲ “ಬರಬ್ಯಾಡ! ಬರಬ್ಯಾಡ!” ಎಂದು ಕೂಗಿದರು. ನಾನೂ ನಕ್ಕೆ.

ಮಾರ್ಥಾಬಾಯಿ ನನ್ನ ಪಕ್ಕ ಬಂದು ನಿಂತು, ನನ್ನತ್ತ ನೋಡದೆಯೇ ಕೇಳಿದಳು: “ಭಾಲ್ಕ್ಯಾಗ ಏನಂದ್ರು?”

“ಬೆಲ್ಲದಾಗ ಮದ್ದು ಅಂದ್ರು.”

“ನೀವೂ ಮೂಸಿ ನೋಡಿದ್ರಲ್ಲಾ.”

“ನೋಡಿದೆ. ಬರೇ ಬೆಲ್ಲ” ಅಂದೆ. “ಆದ್ರೂ ಅದು ಅಶುಭ ಮಾತು, ಮಾರ್ಥಾಬಾಯಿ.”

“ಹೌದ್ರಿ, ಅಶುಭ. ನಮ್ಮವ್ವನೂ ಬೈತಾಳ. ಆದ್ರ ಶುಭ ಮಾತು ಹೇಳಿ ಕಳಿಸಿದ ಮಕ್ಕಳು ದಿನಾ ತಿರುಗಿ ಬಂದು ನನ್ನ ಬಾಗಿಲದಾಗ ಕೂತು ಹೊಡತಾ ತಿಂದ್ವು. ನಾ ಒಳಗಿಂದ ಅಗಳಿ ಹಾಕ್ಕೊಂಡು ಅಳ್ತಿದ್ದೆ. ಹೋಗೂ ಮುಂದ ಹೋಗ್ತೇನಿ ಅನ್ಬೇಕು, ಬಂದ ಮ್ಯಾಲ ಬಂದೆ ಅನ್ಬೇಕು. ಸಣ್ಣವರಿಗಿ ಇಷ್ಟು ಸಾಕ್ರಿ.”

ಅಷ್ಟರಲ್ಲಿ ನೀಲಾಳ ಸರದಿ ಬಂತು. ಅವಳು ಎದ್ದು ಲಂಗ ಸರಿಮಾಡಿಕೊಂಡು ನನ್ನತ್ತ ಒಮ್ಮೆ ನೋಡಿದಳು.

“ಬಂದಾಗ ಬಾಗಿಲದಾಗ ಕೂಡ್ತಿದ್ದೆರಿ. ಈಗ ಒಳಗ ಕೂಡ್ಲಾಕ ಬರ್ತದ್ರಿ.”

ಮಣೆ ಎತ್ತಿ ಗೋಡೆಗೆ ಒರಗಿಸಿದಳು. “ಹೋಗ್ತೇನ್ರಿ ಬಾಯಿ” ಅಂದಳು. ಮಾರ್ಥಾಬಾಯಿ “ಹೋಗವ್ವಾ” ಅಂದಳು. ನೀಲಾ ಹೊರಗೆ ನಿಂತಿದ್ದ ಸಾಲನ್ನು ಸೇರಿ ರಸ್ತೆ ದಾಟಿದಳು. ನಾನು ಹಿಂದಿನಿಂದ ಹೋದೆ. ಆಚೆಯ ಹೊಸ್ತಿಲಲ್ಲಿ ಉಸ್ತಾನಿ ಕಾಯುತ್ತಿದ್ದಳು. ಮೊದಲೇ ಅಲ್ಲಿಯ ಗಡಿಗೆಯ ನೀರು ಕುಡಿಸಿ, ಇವಳೊಡನೆ ಆಟ ಆಡಿಸಿದ್ದ ಒಳಸಂಚು ಇದೇ ಆಗಿತ್ತು. ಒಬ್ಬೊಬ್ಬರಿಗೂ “ಆವ್ ಬೇಟೀ” ಎನ್ನುತ್ತ ಒಳಗೆ ಬಿಡುತ್ತಿದ್ದಳು. ನೀಲಾ ಎರಡೂ ಕಾಲು ಜೋಡಿಸಿ ಹೊಸ್ತಿಲ ಒಳಗೆ ಜಿಗಿದು, ಆ ಉರ್ದು ಶಾಲೆಯ ಗೋಡೆಗಳಿಗೆಲ್ಲ ಕೇಳಿಸುವ ಹಾಗೆ ಕನ್ನಡದಲ್ಲಿ ಕೂಗಿದಳು:

“ಬಂದೆ!”

ನನ್ನ ಕಣ್ಣು ತುಂಬಿತು. ತಾಯಿಗಾಗಿ ಬಾಗಿಲಲ್ಲಿ ಕಾದ ಹುಡುಗಿ ಇದೀಗ ಒಂದು ಕಡೆಗೆ ಬಂದು ಮುಟ್ಟಿದ್ದಳು. ಅವಳನ್ನು ಎಬ್ಬಿಸಿಕೊಂಡು ನಾನು ಮತ್ತೆಲ್ಲಿಗೆ ಒಯ್ಯಲಿ? ಆ ಸಂಜೆ ತಮ್ಮನಿಗೆ “ಹುಡುಗಿ ಇಲ್ಲೇ ಇರಲಿ” ಎಂದು ಹೇಳಿದೆ. ಹೇಳಲು ಬಹಳ ಕಷ್ಟವಾಯಿತು. ಧಾರವಾಡದಲ್ಲಿ ಅವಳಿಗೆಂದು ಒಂದು ಸಣ್ಣ ಹಾಸಿಗೆ ಹೊಲಿಸಿಟ್ಟು ಬಂದಿದ್ದೆ.

ಹೊರಟ ದಿನ

ಬಂಡಿ ಬಾಗಿಲಿಗೆ ಬಂದು ನಿಂತಿತು. ಶರಣವ್ವ ವಿಭೂತಿ ಹಚ್ಚಿ, ದಾರಿಗೆ ಬುತ್ತಿ ಕೊಟ್ಟಳು. ತಮ್ಮ ಪೆಟ್ಟಿಗೆ ಏರಿಸಿದ. ನೀಲಾ ಕಟ್ಟಿಗೆಯ ಚೆಂಡನ್ನು ಎದೆಗೊತ್ತಿಕೊಂಡು ಕಂಬಕ್ಕೆ ಒರಗಿ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಯಾವ ಮಾತು ಬರುತ್ತದೆಂದು ಅವಳು ಕಾಯುತ್ತಿದ್ದಳು. ನನಗೂ ಗೊತ್ತಿತ್ತು.

ಹುಟ್ಟಿದಾಗಿನಿಂದ ಆಡದ ಮಾತು. ಗಂಡನ ಮನೆಗೆ ಹೊರಟಾಗಲೂ, ಗಂಡ ತೀರಿ ತವರಿಗೆ ಬಂದಾಗಲೂ ಆಡಿರಲಿಲ್ಲ. ಮುಂದೆ ರೈಲಿನ ದಾರಿ, ಹಿಂದೆ ತಾಯಿಯಿಲ್ಲದ ಕೂಸು.

“ಹೋಗ್ತೇನಿ ನೀಲಾ” ಅಂದೆ.

“ಅಯ್ಯ ಶಿವನೇ! ಬಿಡ್ತು ಅನ್ರಿ ಅಕ್ಕೋರ!” ಎಂದು ಶರಣವ್ವ ಎರಡೂ ಕೆನ್ನೆ ಬಡಿದುಕೊಂಡಳು. ತಮ್ಮನ ಮುಖ ಕಪ್ಪಿಟ್ಟಿತು. ನೀಲಾ ಮಾತ್ರ ಈ ಸಲ ಮುಖ ತಿರುಗಿಸಲಿಲ್ಲ. ಬಂಡಿಯವರೆಗೆ ನಡೆದು ಬಂದು ನನ್ನ ಕಾಲು ಮುಟ್ಟಿ, “ಹೋಗ್ರಿ ಅತ್ತಿ” ಅಂದಳು.

ಬಂಡಿ ಹೊರಟಿತು. ಓಣಿಯ ತಿರುವಿನವರೆಗೂ ಹಿಂದಿರುಗಿ ನೋಡಲು ನನಗೆ ಧೈರ್ಯವಾಗಲಿಲ್ಲ. ತಿರುವಿನಲ್ಲಿ ಹಿಂದಿನಿಂದ ಓಡಿ ಬರುವ ಸಪ್ಪಳ ಕೇಳಿಸಿತು. ನೋಡಿದರೆ ನೀಲಾ ನಡುರಸ್ತೆಯಲ್ಲಿ ನಿಂತಿದ್ದಳು. ನಾನು ಬೀದರಕ್ಕೆ ಬಂದ ದಿನದಿಂದ ಒಂದು ಮಾತಿಗೂ ‘ರಿ’ ಬಿಡದೆ, ಪರಕೀಯಳ ಹಾಗೆ ನನ್ನನ್ನು ಮಾತಾಡಿಸಿದ್ದ ಹುಡುಗಿ ಈಗ ಎರಡೂ ಕೈ ಬಾಯಿಗೆ ಹಿಡಿದು ಕೂಗಿದಳು:

“ಅತ್ತೀ! ಬಂದ ಮ್ಯಾಲ ಬಂದೆ ಅನ್ನು!”